33 ಸಾವಿರಕ್ಕೆ ಯಾವ ಗ್ರಾಫಿಕ್ಸ್ ಕಾರ್ಡ್? ಮೊದಲು ನಿಮ್ಮ ವಿಡಿಯೋ ಫೈಲ್ ನೋಡಿ

ಪ್ರಶ್ನೆ: ಸರ್, ನಾನು ಬೆಟಗೇರಿಯಲ್ಲಿ ಸಣ್ಣ ಫೋಟೋ ಸ್ಟುಡಿಯೋ ನಡೆಸುತ್ತೇನೆ. ಮದುವೆ, ಕುಬಸ, ಗೃಹಪ್ರವೇಶದ ವಿಡಿಯೋ ಎಡಿಟಿಂಗ್ ಮತ್ತು ಕರಿಜ್ಮಾ ಆಲ್ಬಮ್ ಡಿಸೈನ್ ನನ್ನ ಕೆಲಸ. ರಾತ್ರಿ ಒಂದಿಷ್ಟು ಗೇಮ್ ಆಡುತ್ತೇನೆ. ನನ್ನ ಕಂಪ್ಯೂಟರ್‌ನಲ್ಲಿ ಐ5-12400ಎಫ್ ಪ್ರೊಸೆಸರ್, 16 ಜಿಬಿ ರ್ಯಾಮ್, ಜಿಟಿಎಕ್ಸ್ 1650 ಕಾರ್ಡ್, 450 ವ್ಯಾಟ್‌ನ ಲೋಕಲ್ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪೆಟ್ಟಿಗೆ) ಇದೆ. ಹೊಸ ಸೋನಿ ಕ್ಯಾಮೆರಾ ತಗೊಂಡ ಮೇಲೆ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೋದಲ್ಲಿ ಟೈಮ್‌ಲೈನ್ ತಡೆತಡೆದು ಓಡುತ್ತಿದೆ. ಹುಬ್ಬಳ್ಳಿಯ ಅಂಗಡಿಯಲ್ಲಿ ಎನ್ವಿಡಿಯಾದ 8 ಜಿಬಿಯ ಆರ್‌ಟಿಎಕ್ಸ್ 5060ಕ್ಕೆ 33,000 ಹೇಳಿದರು. ಆನ್‌ಲೈನ್‌ನಲ್ಲಿ ಎಎಂಡಿಯ 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ 39,000ಕ್ಕೆ ಇದೆ. ಅಂಗಡಿಯವರು ‘ಎಎಂಡಿ ತಗೋಬ್ಯಾಡ್ರಿ, ಭಾಳ ಬಿಸಿ ಆಗತೈತಿ, ಡ್ರೈವರ್ ತ್ರಾಸು’ ಅಂದರು. ನನ್ನ ದೋಸ್ತನೂ ಮೊದಲಿನಿಂದ ಎನ್ವಿಡಿಯಾ ಬಿಟ್ಟು ಬೇರೆ ಮುಟ್ಟಿದವನಲ್ಲ, ಅವನದೂ ಅದೇ ಮಾತು. ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬನ ಹತ್ತಿರ ಹಳೆಯ ಆರ್‌ಟಿಎಕ್ಸ್ 3060 ಟಿಐ 17,000ಕ್ಕೆ ಸಿಗುತ್ತದೆ. ಯಾವುದು ತಗೊಳ್ಳಲಿ? ಅಮೆರಿಕದಲ್ಲಿ 299 ಡಾಲರ್ ಅಂತಾರೆ, ಇಲ್ಲಿ ಯಾಕಿಷ್ಟು ಜಾಸ್ತಿ? ಇನ್ನೂ ಕಾಯಬೇಕಾ?

ಉತ್ತರ: ಬೆಲೆ, ಬ್ರ್ಯಾಂಡ್, ಬಿಸಿ, ಎಲ್ಲವನ್ನೂ ಕೇಳಿದ್ದೀರಿ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಬೇರೆ ಎರಡು ಕಡೆ. ಒಂದು, ಪ್ರೊಸೆಸರ್ ಹೆಸರಿನ ಕೊನೆಗಿರುವ ‘ಎಫ್’. ಇನ್ನೊಂದು, ‘ಹೊಸ ಸೋನಿ ಕ್ಯಾಮೆರಾ ತಗೊಂಡ ಮೇಲೆ’ ಅನ್ನುವ ಮಾತು. ಕಾರ್ಡ್ ಯಾವುದು ಅನ್ನುವುದಕ್ಕೆ ಉತ್ತರ ಹೆಚ್ಚುಕಡಿಮೆ ಅಲ್ಲೇ ಇದೆ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ.

ಮೀಡಿಯಾಇನ್ಫೋ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಹೊಸ ಕ್ಯಾಮೆರಾದ ಒಂದು ಕ್ಲಿಪ್ ಅದರಲ್ಲಿ ತೆರೆಯಿರಿ. ‘ಕ್ರೋಮಾ ಸಬ್‌ಸ್ಯಾಂಪ್ಲಿಂಗ್’ (ಫೈಲ್‌ನಲ್ಲಿ ಬಣ್ಣದ ಮಾಹಿತಿ ಎಷ್ಟಿದೆ ಅನ್ನುವುದು) ಅನ್ನುವ ಸಾಲಿನಲ್ಲಿ 4:2:0 ಇದೆಯೋ 4:2:2 ಇದೆಯೋ ನೋಡಿ. ಅದರ ಹತ್ತಿರದಲ್ಲೇ 8 ಬಿಟ್ ಅಥವಾ 10 ಬಿಟ್ ಅಂತಲೂ ಇರುತ್ತದೆ. ಸೋನಿಯ ಎ7 4, ಎ7ಎಸ್ 3 ತರಹದ ಕ್ಯಾಮೆರಾಗಳು 4:2:2, 10 ಬಿಟ್‌ನಲ್ಲಿ ಶೂಟ್ ಮಾಡುತ್ತವೆ. 4:2:0ಗಿಂತ ಬಣ್ಣದ ಮಾಹಿತಿ ಜಾಸ್ತಿ ಇರುವುದರಿಂದ ಕಲರ್ ಗ್ರೇಡಿಂಗ್‌ಗೆ ಒಳ್ಳೆಯದು. ಅರಿಶಿನದ ಹಳದಿ, ಇಳಕಲ್ ಸೀರೆಯ ಕೆಂಪು ಎಳೆದಾಡಿದರೂ ಒಡೆಯುವುದಿಲ್ಲ.

ತೊಂದರೆ ಇರುವುದು ಫೈಲ್ ಓದುವುದರಲ್ಲಿ. ಟೈಮ್‌ಲೈನ್ ಓಡುವಾಗ ಆ ಸಂಕುಚಿತ ಫೈಲನ್ನು ಯಾರಾದರೂ ಬಿಚ್ಚಿ ಕೊಡಬೇಕು. ಗ್ರಾಫಿಕ್ಸ್ ಕಾರ್ಡಿನಲ್ಲಿ ಇದಕ್ಕಾಗಿಯೇ ಒಂದು ಚಿಕ್ಕ ಭಾಗ ಇದೆ, ಡಿಕೋಡರ್ ಅಂತ. ಗೇಮ್ ಓಡಿಸುವ ಶಕ್ತಿಗೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಜಿಟಿಎಕ್ಸ್ 1650ರ ಡಿಕೋಡರ್ 4:2:0 ಓದುತ್ತದೆ, 4:2:2 ಓದುವುದಿಲ್ಲ. ಆಗ ಪೂರ್ತಿ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಇಂಟೆಲ್ 12ನೇ ತಲೆಮಾರಿನ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ ಎಚ್‌ಇವಿಸಿ (ವಿಡಿಯೋ ಸಂಕುಚಿಸುವ ಒಂದು ವಿಧಾನ) 4:2:2 ಓದುವ ಸೌಲಭ್ಯ ಇದೆ, ಅದನ್ನು ಕ್ವಿಕ್‌ಸಿಂಕ್ ಅಂತಾರೆ. ಆದರೆ ‘ಎಫ್’ ಅಂದರೆ ಆ ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್. ಸಾವಿರ-ಎರಡು ಸಾವಿರ ಉಳಿಯುತ್ತದೆ ಅಂತ ಎಫ್ ಹಾಕಿಸಿಕೊಂಡ ಸ್ಟುಡಿಯೋದವರನ್ನು ಗದಗ, ಹಾವೇರಿ ಕಡೆ ನಾನು ಬಹಳ ನೋಡಿದ್ದೇನೆ. ಗೇಮ್ ಆಡುವವರಿಗೆ ಅದು ಸರಿಯಾದ ಉಳಿತಾಯ. ವಿಡಿಯೋ ಮಾಡುವವರಿಗೆ ಅಲ್ಲ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಟೈಮ್‌ಲೈನ್ ಓಡಿಸಿ, ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಪುಟದಲ್ಲಿ ‘ವಿಡಿಯೋ ಡಿಕೋಡ್’ ಗೆರೆ ನೋಡಿ. ಅದು ನೆಲಕ್ಕೆ ಅಂಟಿಕೊಂಡಿದ್ದು ಪ್ರೊಸೆಸರ್ 90-100 ಶೇಕಡಾ ಹೊಡೆಯುತ್ತಿದ್ದರೆ ನಾನು ಹೇಳಿದ್ದೇ ಆಗಿರುತ್ತದೆ.

ಈಗ ನೀವು ಹೇಳಿದ ಕಾರ್ಡ್‌ಗಳನ್ನು ಈ ಕಣ್ಣಿನಿಂದ ನೋಡಿ. ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳು ಎಚ್.264 (ಎಚ್‌ಇವಿಸಿಗಿಂತ ಹಳೆಯ ವಿಧಾನ) ಮತ್ತು ಎಚ್‌ಇವಿಸಿ ಎರಡರಲ್ಲೂ 4:2:2 ಓದುತ್ತವೆ. ಎನ್ವಿಡಿಯಾ ಇದನ್ನು ಕೊಟ್ಟಿದ್ದು ಈ ಸರಣಿಯಿಂದಲೇ. ಆರ್‌ಎಕ್ಸ್ 9060 ಎಕ್ಸ್‌ಟಿ ಓದುವುದಿಲ್ಲ. ಹಳೆಯ 3060 ಟಿಐ ಕೂಡ ಓದುವುದಿಲ್ಲ. ಅಂದರೆ 17,000 ಕೊಟ್ಟು ಆ ಕಾರ್ಡ್ ತಂದರೆ ಗೇಮ್ ಚೆನ್ನಾಗಿ ಓಡುತ್ತದೆ, ಮದುವೆ ವಿಡಿಯೋ ಮಾತ್ರ ಇವತ್ತಿನ ಹಾಗೇ ತಡೆದು ತಡೆದು ನಡೆಯುತ್ತದೆ. ನಿಮ್ಮ ದೋಸ್ತ ಹೇಳಿದ ಕಾರ್ಡ್ ನಿಮಗೆ ಸರಿಹೊಂದಬಹುದು, ಆದರೆ ಅವನು ಕೊಟ್ಟ ಕಾರಣಕ್ಕಲ್ಲ.

ಆ ಕಾರಣಗಳನ್ನೂ ನೋಡೋಣ, ಯಾಕಂದ್ರೆ ಅಂಗಡಿಯಲ್ಲಿ ಇದೇ ಮಾತು ದಿನಾ ಕೇಳಿಬರುತ್ತದೆ.

‘ಎಎಂಡಿ ಬಿಸಿ ಆಗತೈತಿ.’ ಈ ಮಾತು ಸುಮ್ನೆ ಹುಟ್ಟಿದ್ದಲ್ಲ. 2013ರ ಆರ್9 290ಎಕ್ಸ್ ಕಾರ್ಡ್ ಎಎಂಡಿಯದೇ ಕೂಲರ್‌ನಲ್ಲಿ 95 ಡಿಗ್ರಿಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಅದಕ್ಕೂ ಮೂರು ವರ್ಷ ಮೊದಲು, 2010ರಲ್ಲಿ, ಬಿಸಿಗೆ ಹೆಸರಾಗಿದ್ದು ಎನ್ವಿಡಿಯಾದ ಜಿಟಿಎಕ್ಸ್ 480. ಅದನ್ನು ಈಗ ಯಾರೂ ನೆನಪಿಸಿಕೊಳ್ಳುವುದಿಲ್ಲ. ಇವತ್ತಿನ ಲೆಕ್ಕ ಹೀಗಿದೆ: 5060 ಎಳೆಯುವುದು 145 ವ್ಯಾಟ್, 16 ಜಿಬಿಯ 9060 ಎಕ್ಸ್‌ಟಿ 160 ವ್ಯಾಟ್. ಆ 15 ವ್ಯಾಟ್‌ಗೆ ಯಾರ ಕೋಣೆಯೂ ಕಾಯುವುದಿಲ್ಲ. ಗದಗದ ಏಪ್ರಿಲ್ ಬಿಸಿಲಲ್ಲಿ ಕಾರ್ಡ್ ಕಾಯುವುದು ಕ್ಯಾಬಿನೆಟ್ ಮುಂದಿನ ಜಾಲರಿಗೆ ಧೂಳು ಮೆತ್ತಿಕೊಂಡಿದ್ದಕ್ಕೆ. ಕಾರ್ಡ್ ಕಂಪನಿ ಬೈಯುವ ಮೊದಲು ಒಮ್ಮೆ ಬ್ಲೋವರ್ ಹಿಡಿಯಿರಿ.

‘ಡ್ರೈವರ್ ತ್ರಾಸು.’ ಇದಕ್ಕೂ ಬೇರು ಇದೆ. 2019ರ ಆರ್‌ಎಕ್ಸ್ 5700 ಎಕ್ಸ್‌ಟಿ ಕೊಂಡವರು ಕಪ್ಪು ಪರದೆಯ ಕಾಟ ತಿಂಗಳುಗಟ್ಟಲೆ ಅನುಭವಿಸಿದರು. 2020ರ ಫೆಬ್ರುವರಿಯಲ್ಲಿ ಎಎಂಡಿ ಅದಕ್ಕೆ ಪರಿಹಾರದ ಡ್ರೈವರ್ ಕೊಟ್ಟಿತು. 2025ರ ಆರಂಭದಲ್ಲಿ ಅದೇ ಕಪ್ಪು ಪರದೆಯ ದೂರು ಎನ್ವಿಡಿಯಾದ 50 ಸರಣಿಗೆ ಬಂತು, ಅವರೂ ಒಂದಾದ ಮೇಲೊಂದು ಡ್ರೈವರ್ ಬಿಟ್ಟು ಸರಿಮಾಡಬೇಕಾಯಿತು. ಇವತ್ತು ಡ್ರೈವರ್ ವಿಷಯದಲ್ಲಿ ಒಬ್ಬರನ್ನು ದೇವರು, ಇನ್ನೊಬ್ಬರನ್ನು ದೆವ್ವ ಅನ್ನುವಷ್ಟು ಅಂತರ ಇಲ್ಲ.

ಇನ್ನು ‘ಎನ್ವಿಡಿಯಾನೇ ಕಾರ್ಡ್ ಮಾಡೋದು’ ಅನ್ನುವ ನಂಬಿಕೆ. ಎನ್ವಿಡಿಯಾ, ಎಎಂಡಿ, ಇಂಟೆಲ್ ಮೂವರೂ ಚಿಪ್ ವಿನ್ಯಾಸ ಮಾಡುತ್ತಾರೆ. ಈಗಿನ ಮೂರೂ ಕಂಪನಿಗಳ ಗೇಮಿಂಗ್ ಚಿಪ್‌ಗಳನ್ನು ಅಚ್ಚು ಹಾಕುವುದು ತೈವಾನ್‌ನ ಟಿಎಸ್‌ಎಂಸಿ ಎಂಬ ಒಂದೇ ಕಂಪನಿ. ಮೆಮೊರಿ ಬರುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್‌ನಿಂದ. ಇದನ್ನೆಲ್ಲ ಬೋರ್ಡಿಗೆ ಕೂರಿಸಿ, ಫ್ಯಾನ್ ಹಾಕಿ, ಡಬ್ಬಿಯಲ್ಲಿಟ್ಟು ನಿಮಗೆ ಮಾರುವವರು ಆಸುಸ್, ಗಿಗಾಬೈಟ್, ಎಂಎಸ್‌ಐ, ಝೋಟ್ಯಾಕ್, ಸಫೈರ್ ತರಹದ ಕಂಪನಿಗಳು. ಬ್ಯಾಡಗಿ ಮೆಣಸಿನಕಾಯಿ ಒಂದೇ ಇದ್ದರೂ ಪುಡಿ ಮಾಡಿ ಪೊಟ್ಟಣ ಕಟ್ಟುವವರು ಹತ್ತು ಜನ ಇದ್ದ ಹಾಗೆ. ವಾರಂಟಿ ಕೊಡುವುದು, ಕೆಟ್ಟಾಗ ಫೋನ್ ಎತ್ತುವುದು ಅಥವಾ ಎತ್ತದೇ ಇರುವುದು ಈ ಕೊನೆಯವರು. ನಿಷ್ಠೆ ಇಡಲೇಬೇಕು ಅಂದರೆ ನಿಮ್ಮ ಊರಲ್ಲಿ ವಾರಂಟಿ ಸರಿಯಾಗಿ ನಡೆಸಿಕೊಡುವ ಅಂಗಡಿಯವರ ಮೇಲೆ ಇಡಿ.

ಹಾಗಾದರೆ ಅಂಗಡಿಯವರು ಸುಳ್ಳು ಹೇಳಿದರಾ? ಹಾಗೂ ಅಲ್ಲ. 2025ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಬಿಡಿ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಎನ್ವಿಡಿಯಾ. ಹುಬ್ಬಳ್ಳಿಯ ಅಂಗಡಿಯಲ್ಲಿ ಒಂದು ಕಾರ್ಡ್ ಶೆಲ್ಫ್ ಮೇಲೆ ಮೂರು ತಿಂಗಳು ಕೂತರೆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಕಾರ್ಡ್ ಮೇಲೆ ಅವರಿಗೆ ಉಳಿಯುವುದೂ ಕಡಿಮೆ, ಕ್ಯಾಬಿನೆಟ್, ಎಸ್‌ಎಂಪಿಎಸ್ ಮೇಲೆ ಜಾಸ್ತಿ. ಬೇಗ ಹೋಗುವ ಮಾಲನ್ನೇ ಅವರು ಇಡುತ್ತಾರೆ, ಇಟ್ಟದ್ದನ್ನೇ ಹೊಗಳುತ್ತಾರೆ. ಮುಂದೆ ಹಳೆಯದನ್ನು ಮಾರುವಾಗಲೂ ನಮ್ಮ ಕಡೆ ಎನ್ವಿಡಿಯಾ ಕಾರ್ಡಿಗೆ ಗಿರಾಕಿ ಬೇಗ ಸಿಗುತ್ತಾರೆ. ಇದು ನಿಜವಾದ ಲಾಭ, ಬೆಲೆ ಹೋಲಿಸುವಾಗ ಇದನ್ನೂ ಸೇರಿಸಬೇಕು. ಧಾರವಾಡದ ಐಐಟಿ, ಐಐಐಟಿಯಲ್ಲಿ ಎಐ ಕಲಿಯುವ ಹುಡುಗರು ಕೇಳಿದರೆ ನಾನೂ ಎನ್ವಿಡಿಯಾನೇ ಹೇಳುತ್ತೇನೆ. ಅವರ ಸಾಫ್ಟ್‌ವೇರ್ ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಎನ್ವಿಡಿಯಾದ ‘ಕೂಡಾ’ (CUDA) ಎಂಬ ಪ್ರೋಗ್ರಾಮಿಂಗ್ ವ್ಯವಸ್ಥೆಯ ಮೇಲೆ ಬೆಳೆದು ಬಂದಿದೆ. ಕೆಲಸಕ್ಕೆ ತಕ್ಕ ಆಯ್ಕೆ ಅದು.

ನಿಷ್ಠೆಯಿಂದ ನಷ್ಟ ಆಗುವುದು ಡಬ್ಬಿ ಮೇಲಿನ ಹೆಸರನ್ನು ಕಣ್ಣುಮುಚ್ಚಿ ನಂಬಿದಾಗ. ಹೆಸರು ಒಂದೇ, ಒಳಗೆ ಬೇರೆ ಅನ್ನುವ ಆಟವನ್ನು ಇಬ್ಬರೂ ಆಡಿದ್ದಾರೆ. ಜಿಟಿಎಕ್ಸ್ 1060ರಲ್ಲಿ 3 ಜಿಬಿ ಮತ್ತು 6 ಜಿಬಿ ಇದ್ದವು. ವ್ಯತ್ಯಾಸ ಬರೀ ಮೆಮೊರಿಯದು ಅಂತ ಜನ ತಿಳಿದರು, ಆದರೆ 3 ಜಿಬಿಯದರಲ್ಲಿ 1280ರ ಬದಲು 1152 ಕೋರ್‌ಗಳಿದ್ದವು. ಎಎಂಡಿ ಆರ್‌ಎಕ್ಸ್ 560 ಹೆಸರಿನಲ್ಲೇ 1024ರ ಬದಲು 896 ಕೋರ್‌ನ ಕಾರ್ಡ್ ಮಾರಿತು. 2022ರಲ್ಲಿ ಎನ್ವಿಡಿಯಾ ‘4080 12 ಜಿಬಿ’ ಅಂತ ಘೋಷಿಸಿದ ಕಾರ್ಡಿಗೆ ಜನ ಎಷ್ಟು ಉಗಿದರೆಂದರೆ ಅದನ್ನು ಹಿಂತೆಗೆದುಕೊಂಡು 2023ರ ಜನವರಿಯಲ್ಲಿ 4070 ಟಿಐ ಅಂತ ಬಿಟ್ಟರು. ನಮ್ಮ ಕಡೆ ಈಗಲೂ ಕಾಣುವ ಬಲೆ ಎಂದರೆ ‘4 ಜಿಬಿ ಗ್ರಾಫಿಕ್ಸ್ ಕಾರ್ಡ್’ ಅಂತ ಹೇಳಿ ಮಾರುವ ಜಿಟಿ 730. 2014ರ ಕಾರ್ಡ್ ಅದು. ಜಿಬಿ ಎಷ್ಟಿದ್ದರೂ ಓಡುವ ಶಕ್ತಿ ಇಲ್ಲ. ಆರ್‌ಟಿಎಕ್ಸ್ 3050 ತಗೊಳ್ಳುವವರೂ 8 ಜಿಬಿಯದೋ 6 ಜಿಬಿಯದೋ ನೋಡಬೇಕು, ಎರಡೂ ಬೇರೆ ಬೇರೆ ಕಾರ್ಡ್. 9060 ಎಕ್ಸ್‌ಟಿಯಲ್ಲೂ 8 ಮತ್ತು 16 ಜಿಬಿ ಎರಡಿವೆ, ಬಿಲ್ ಮೇಲೆ ಪೂರ್ತಿ ಹೆಸರು ಬರೆಸಿಕೊಳ್ಳಿ.

ಈಗ ಬೆಲೆ. 299 ಡಾಲರ್ ಅನ್ನುವುದು 5060 ಬಿಡುಗಡೆಯಾದ 2025ರ ಮೇ ತಿಂಗಳ ಸೂಚಿತ ಬೆಲೆ. ಅಮೆರಿಕದ ಈ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಲೆಕ್ಕಕ್ಕೆ ಡಾಲರ್‌ಗೆ 90 ರೂಪಾಯಿ ಹಿಡಿಯಿರಿ, 26,910 ಆಯಿತು. ಅದರ ಮೇಲೆ 18 ಶೇಕಡಾ ಜಿಎಸ್‌ಟಿ ಹಾಕಿದರೆ ಹತ್ತಿರ ಹತ್ತಿರ 31,750. ಆಮದುದಾರ, ವಿತರಕ, ಅಂಗಡಿಯವರು ಇನ್ನೂ ತಮ್ಮ ಪಾಲು ಸೇರಿಸಿಲ್ಲ. ಹಾಗಾಗಿ 33,000 ಅಂದವರು ನಿಮ್ಮನ್ನು ಸುಲಿಯುತ್ತಿಲ್ಲ. ಇದೇ ಲೆಕ್ಕದಲ್ಲಿ 349 ಡಾಲರ್‌ನ 9060 ಎಕ್ಸ್‌ಟಿ 37,000 ದಾಟುತ್ತದೆ, 39,000 ಕೂಡ ಅತಿಯಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೋ ಮುಂಬೈನ ಲ್ಯಾಮಿಂಗ್ಟನ್ ರೋಡ್‌ನಲ್ಲೋ (ನಮ್ಮ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ರೋಡ್ ಅಲ್ಲ) ಸ್ವಲ್ಪ ಕಡಿಮೆಗೆ ಸಿಗಬಹುದು. ಬಸ್ ಚಾರ್ಜು, ಒಂದು ದಿನದ ದುಡಿಮೆ, ಕೆಟ್ಟರೆ ಮತ್ತೆ ಅಲ್ಲಿಗೇ ಓಡುವ ತಾಪತ್ರಯ ಸೇರಿಸಿ ನೋಡಿ.

ನಿಮ್ಮ ಹತ್ತಿರ ಜಿಎಸ್‌ಟಿ ನಂಬರ್ ಇದ್ದರೆ ಲೆಕ್ಕ ಬದಲಾಗುತ್ತದೆ. 33,000ದ ಬಿಲ್‌ನಲ್ಲಿ ಸುಮಾರು 5,000 ತೆರಿಗೆಯೇ ಇದೆ. ಸ್ಟುಡಿಯೋ ಕೆಲಸಕ್ಕೆ ಕೊಂಡದ್ದಾದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ತಗೊಳ್ಳಬಹುದು, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಿಗೆ ಇದು ಸಿಗುವುದಿಲ್ಲ. ಬಿಲ್ ಮೇಲೆ ನಿಮ್ಮ ನಂಬರ್ ಹಾಕಿಸುವುದು ಮರೆಯಬೇಡಿ. ‘ಬಿಲ್ ಇಲ್ಲದೆ ಆದರೆ ಎರಡು ಸಾವಿರ ಕಡಿಮೆ’ ಅಂದರೆ ಬೇಡ ಅನ್ನಿ. ಬಿಲ್ ಇಲ್ಲ ಅಂದರೆ ವಾರಂಟಿಯೂ ಅನುಮಾನ.

ಆದರೆ ನಿಮ್ಮ ಸಿಟ್ಟು ಪೂರ್ತಿ ತಪ್ಪೂ ಅಲ್ಲ. 2016ರಲ್ಲಿ 8 ಜಿಬಿಯ ಆರ್‌ಎಕ್ಸ್ 480 ಬಂದಾಗ ಅದರ ಬೆಲೆ 239 ಡಾಲರ್. ಒಂಬತ್ತು ವರ್ಷ ಆದಮೇಲೆ 299 ಡಾಲರ್‌ನ 5060ರಲ್ಲಿ ಸಿಗುವುದೂ 8 ಜಿಬಿಯೇ. ಕಾರಣ ತಿಳಿಯಬೇಕಾದರೆ ಎನ್ವಿಡಿಯಾದ ಲೆಕ್ಕಪತ್ರ ನೋಡಬೇಕು. 2025ರ ಜನವರಿಗೆ ಮುಗಿದ ವರ್ಷದಲ್ಲಿ ಅದರ ವಹಿವಾಟು 13,000 ಕೋಟಿ ಡಾಲರ್ ದಾಟಿತು. ಅದರಲ್ಲಿ ಗೇಮಿಂಗ್ ಪಾಲು ಸುಮಾರು 1,135 ಕೋಟಿ ಡಾಲರ್, ನೂರಕ್ಕೆ ಒಂಬತ್ತೂ ಇಲ್ಲ. ಉಳಿದದ್ದರಲ್ಲಿ ಬಹುಪಾಲು ಎಐ ಡೇಟಾ ಸೆಂಟರ್‌ಗಳಿಂದ ಬಂದದ್ದು. ಅದೇ ಟಿಎಸ್‌ಎಂಸಿಯ ಸಾಲಿನಲ್ಲಿ ನಿಂತು ನೂರು ಪಟ್ಟು ಬೆಲೆಗೆ ಹೋಗುವ ಚಿಪ್ ಮಾಡಿಸಬಹುದಾದಾಗ, ನಿಮ್ಮ 33,000ದ ಕಾರ್ಡಿಗೆ ಜಾಸ್ತಿ ಮೆಮೊರಿ ಹಾಕಿಕೊಡುವ ಆತುರ ಅವರಿಗೆ ಯಾಕಿರುತ್ತದೆ? ಎಎಂಡಿ ಅಗ್ಗಕ್ಕೆ ಕೊಟ್ಟು ಗಿರಾಕಿಗಳನ್ನು ಎಳೆಯಬಹುದಿತ್ತು. ಅವರು ಬಹಳ ಸಲ ಮಾಡಿದ್ದು ಎನ್ವಿಡಿಯಾ ಬೆಲೆ ನೋಡಿ ಅದಕ್ಕಿಂತ ಸ್ವಲ್ಪ ಕೆಳಗೆ ನಿಲ್ಲುವುದು. ‘ನಾನು ಎನ್ವಿಡಿಯಾ ಮನುಷ್ಯ’, ‘ನಾನು ಎಎಂಡಿ ಮನುಷ್ಯ’ ಅಂತ ಜನ ಬಡಿದಾಡುವುದು ಇಬ್ಬರಿಗೂ ಅನುಕೂಲವೇ.

ಹಾಗಾಗಿ ‘ಕಾಯಬೇಕಾ’ ಅನ್ನುವುದಕ್ಕೆ: 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಎಐ ಬೇಡಿಕೆಯಿಂದ ಜೋರಾಗಿ ಏರಿದೆ. ರ್ಯಾಮ್ ಬೆಲೆ ಕೇಳಿದರೆ ನಿಮಗೇ ಗೊತ್ತಾಗುತ್ತದೆ. ಗ್ರಾಫಿಕ್ಸ್ ಕಾರ್ಡ್‌ನಲ್ಲೂ ಮೆಮೊರಿ ಇದೆ. ಬೆಲೆ ಇಳಿಯುತ್ತದೆ ಅನ್ನುವ ಒಂದೇ ನಂಬಿಕೆಯ ಮೇಲೆ ಸೀಸನ್ ತನಕ ಕಾಯುವುದು ನನಗೆ ಸರಿ ಕಾಣುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳನ್ನು ಖರ್ಚು ಕಡಿಮೆ ಇರುವುದರಿಂದ ಹೇಳುತ್ತೇನೆ. ಖರ್ಚೇ ಇಲ್ಲದ್ದು ಪ್ರಾಕ್ಸಿ. ಪ್ರೀಮಿಯರ್ ಪ್ರೋದಲ್ಲಿ ಕ್ಲಿಪ್ ತರುವಾಗಲೇ ಚಿಕ್ಕ ನಕಲು ಮಾಡಿಸಿ, ಅದರ ಮೇಲೆ ಎಡಿಟ್ ಮಾಡಿ, ಕೊನೆಗೆ ಮೂಲ ಫೈಲ್‌ನಿಂದ ರೆಂಡರ್ ಮಾಡುವುದು. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ತಯಾರಿರುತ್ತದೆ. ಡಿಸ್ಕ್ ಜಾಗ ತಿನ್ನುತ್ತದೆ, ಅವಸರದ ಕೆಲಸಕ್ಕೆ ಆಗುವುದಿಲ್ಲ. ಆದರೂ ದುಡ್ಡು ಹಾಕುವ ಮೊದಲು ಒಂದು ಮದುವೆಯನ್ನು ಹೀಗೆ ಮುಗಿಸಿ ನೋಡಿ.

ಎರಡನೆಯದು ಎಫ್ ಮಾರಿ ಎಫ್ ಇಲ್ಲದ 12400 ಹಾಕಿಸುವುದು. ವ್ಯತ್ಯಾಸ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಆದರೆ ಅದರ ಕ್ವಿಕ್‌ಸಿಂಕ್ ಓದುವುದು ಎಚ್‌ಇವಿಸಿಯ 4:2:2 ಮಾತ್ರ, ಎಚ್.264ರದ್ದಲ್ಲ. ಕ್ಯಾಮೆರಾದಲ್ಲಿ ಎಕ್ಸ್‌ಎವಿಸಿ ಎಚ್‌ಎಸ್ (ಸೋನಿ ಎಚ್‌ಇವಿಸಿಗೆ ಇಟ್ಟ ಹೆಸರು) ಆರಿಸಿ ಶೂಟ್ ಮಾಡಬೇಕು. ಗೇಮ್ ಇದರಿಂದ ಒಂದಿಷ್ಟೂ ಸುಧಾರಿಸುವುದಿಲ್ಲ. ಆಲ್ಬಮ್ ಕೆಲಸಕ್ಕೆ ಅಂತೂ ಯಾವ ಹೊಸ ಕಾರ್ಡೂ ಬೇಡ, ಫೋಟೋಶಾಪ್‌ಗೆ ನಿಮ್ಮ 1650 ಸಾಕು.

ನಂತರ 5060. ಕ್ಲಿಪ್ 4:2:2 ಇದ್ದರೆ ನನ್ನ ಓಟು ಇದಕ್ಕೆ. ಪ್ರೀಮಿಯರ್ ಪ್ರೋ 2025ರಲ್ಲಿ ಇದರ ಡಿಕೋಡರ್ ಬಳಸಲು ಕಲಿಯಿತು. ಹಳೆಯ ಆವೃತ್ತಿ ಇಟ್ಟುಕೊಂಡವರಿಗೆ ಈ ಲಾಭ ಇಲ್ಲ. ಹಳೆಯದನ್ನು ಯಾಕೆ ಇಟ್ಟುಕೊಂಡಿರುತ್ತಾರೆ ಅಂತ ನಮಗೆಲ್ಲ ಗೊತ್ತು, ಅಲ್ವಾ? ಅಪಾಯ ಇರುವುದು 8 ಜಿಬಿಯಲ್ಲಿ. ಹೊಸ ಗೇಮ್‌ಗಳಲ್ಲಿ ಟೆಕ್ಸ್‌ಚರ್ ಮೇಲಕ್ಕೆ ಇಟ್ಟರೆ ಮೆಮೊರಿ ತುಂಬಿ ಆಟ ಮುಗ್ಗರಿಸುತ್ತದೆ. 4ಕೆ ವಿಡಿಯೋದಲ್ಲಿ ನಾಯ್ಸ್ ತೆಗೆಯುವ ಭಾರಿ ಎಫೆಕ್ಟ್ ಒಂದರ ಮೇಲೊಂದು ಹಾಕಿದರೂ ಅದೇ ಕಥೆ. ಜಿಎಸ್‌ಟಿ ಕ್ರೆಡಿಟ್ ಸಿಗುವುದಾದರೆ, ಕೈ ಸ್ವಲ್ಪ ಚಾಚಲು ಆಗುವುದಾದರೆ 16 ಜಿಬಿಯ 5060 ಟಿಐ ಕೇಳಿ. ಅದರ ಸೂಚಿತ ಬೆಲೆ 429 ಡಾಲರ್, ಮೇಲಿನ ಲೆಕ್ಕದಲ್ಲಿ 45,000 ದಾಟುತ್ತದೆ. ಸಾಲ ಮಾಡಿ ತಗೊಳ್ಳುವಷ್ಟು ವ್ಯತ್ಯಾಸ ಅಲ್ಲ.

ಕ್ಲಿಪ್ 4:2:0 ಇದ್ದರೆ ಮಾತು ಬೇರೆ. ಅದನ್ನು ನಿಮ್ಮ 1650 ಓದಬಲ್ಲದು. ಆಗ ತಡೆ ಬರುತ್ತಿರುವುದು ಹಾರ್ಡ್ ಡಿಸ್ಕ್‌ನಿಂದಲೋ 16 ಜಿಬಿ ರ್ಯಾಮ್ ಸಾಲದೆಯೋ ಇರಬೇಕು. ಕ್ಲಿಪ್‌ಗಳನ್ನು ಎಸ್‌ಎಸ್‌ಡಿ ಮೇಲೆ ಹಾಕಿ ನೋಡಿ. ಕಾರ್ಡ್ ಬೇಕಾಗಿದ್ದು ಬರೀ ಗೇಮ್‌ಗೆ ಅಂತಾದರೆ 16 ಜಿಬಿಯ 9060 ಎಕ್ಸ್‌ಟಿ ನಾಲ್ಕೈದು ವರ್ಷ ಹೆಚ್ಚು ನೆಮ್ಮದಿ ಕೊಡುತ್ತದೆ. ಆರು ಸಾವಿರ ಹೆಚ್ಚು ಕೊಟ್ಟದ್ದಕ್ಕೆ ಬೇಸರ ಆಗದು. ಇಂಟೆಲ್‌ನ ಬಿ580 ಅನ್ನುವ 12 ಜಿಬಿ ಕಾರ್ಡ್ ಕೂಡ ಇದೆ, ಸೂಚಿತ ಬೆಲೆ 249 ಡಾಲರ್, ಎಚ್‌ಇವಿಸಿ 4:2:2 ಓದುತ್ತದೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ರೀಸೈಜಬಲ್ ಬಾರ್ ಎಂಬ ಆಯ್ಕೆ ಆನ್ ಮಾಡಲೇಬೇಕು. ನಮ್ಮ ಕಡೆ ಅಂಗಡಿಗಳಲ್ಲಿ ಸಿಗುವುದು ಅಪರೂಪ, ಹಾಗಾಗಿ ಒತ್ತಾಯ ಮಾಡುವುದಿಲ್ಲ.

ವಿದ್ಯಾನಗರದ ಹುಡುಗನ 3060 ಟಿಐ ಎಡಿಟಿಂಗ್‌ಗೆ ಆಗುವುದಿಲ್ಲ ಅಂತ ಹೇಳಿದೆ. ಗೇಮ್‌ಗಾಗಿ ತಗೊಳ್ಳುವುದಾದರೂ ಹುಷಾರು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಡಿಜಿಟಲ್ ಹಣದ ಮೈನಿಂಗ್ (ಕಾರ್ಡ್‌ಗಳನ್ನು ಹಗಲು-ರಾತ್ರಿ ಓಡಿಸಿ ಅದನ್ನು ಗಳಿಸುವುದು) ನಿಲ್ಲುವ ತನಕ ಈ ಕಾರ್ಡ್ ಮೈನಿಂಗ್ ಮಾಡುವವರ ಅಚ್ಚುಮೆಚ್ಚು. ಮೈನಿಂಗ್ ಮಾಡಿದ್ದೆಲ್ಲ ಸತ್ತೇಹೋಗುತ್ತದೆ ಅನ್ನುವುದು ಉತ್ಪ್ರೇಕ್ಷೆ, ಮೊದಲು ಸವೆಯುವುದು ಫ್ಯಾನ್ ಮತ್ತು ಥರ್ಮಲ್ ಪ್ಯಾಡ್. ಅವನ ಕಂಪ್ಯೂಟರ್‌ನಲ್ಲೇ ಒಂದು ಗಂಟೆ ಭಾರಿ ಗೇಮ್ ಓಡಿಸಿ ನೋಡಿ, ಜಿಪಿಯು-ಝಡ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಾರ್ಡ್ ಅಸಲಿಯೋ ಅಂತ ಪರೀಕ್ಷಿಸಿ, ಸೀರಿಯಲ್ ನಂಬರ್‌ನಿಂದ ವಾರಂಟಿ ಉಳಿದಿದೆಯೋ ಕೇಳಿ. ಇನ್ನೊಂದು ತೊಡಕು: ಅದು 200 ವ್ಯಾಟ್ ಎಳೆಯುತ್ತದೆ. ನಿಮ್ಮ ಲೋಕಲ್ ಎಸ್‌ಎಂಪಿಎಸ್ ಮೇಲೆ ಅದನ್ನು ಹಾಕಲು ನಾನು ಒಪ್ಪುವುದಿಲ್ಲ.

ಹೊಸ 5060ಗೂ ಎನ್ವಿಡಿಯಾ ಹೇಳುವುದು 550 ವ್ಯಾಟ್ ಎಸ್‌ಎಂಪಿಎಸ್. ಒಳ್ಳೆಯ ಹೆಸರಿನ, 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲು ಕಡಿಮೆ ಅನ್ನುವ ದರ್ಜೆ) ಇರುವ ಒಂದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಅಗ್ಗದ ಎಸ್‌ಎಂಪಿಎಸ್ ಹೋಗುವಾಗ ಒಂದೇ ಹೋಗುವುದಿಲ್ಲ, ಪಕ್ಕದವರನ್ನೂ ಕರೆದುಕೊಂಡು ಹೋಗುತ್ತದೆ. ಹೆಸ್ಕಾಂ ಕರೆಂಟ್ ಸಂಜೆ ಹೊತ್ತು ಏರಿಳಿಯುವ ಕಡೆ ಇದು ಇನ್ನೂ ಮುಖ್ಯ. ನಿಮ್ಮ ಯುಪಿಎಸ್ 600 ವಿಎಯದ್ದಾದರೆ ಅದು ಕೊಡುವುದು ಸುಮಾರು 360 ವ್ಯಾಟ್. ರೆಂಡರ್ ಆಗುವಾಗ ಕರೆಂಟ್ ಹೋದರೆ ಹೊಸ ಕಾರ್ಡಿನ ಜೊತೆ ಅದು ತಡೆಯುವುದು ಅನುಮಾನ, 1 ಕೆವಿಎ ನೋಡಿ.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ಕಾರ್ಡ್ ಕೆಟ್ಟರೆ ಎಲ್ಲಿಗೆ ಕಳಿಸುತ್ತೀರಿ, ಕೊರಿಯರ್ ಖರ್ಚು ಯಾರದು, ವಾಪಸ್ ಬರಲು ಎಷ್ಟು ದಿನ? ಮೇ ತಿಂಗಳಲ್ಲಿ ಕಾರ್ಡ್ ಮೂರು ವಾರ ಕೈಗೆ ಸಿಗದಿದ್ದರೆ ನಿಮಗೆ ಎಷ್ಟು ನಷ್ಟ ಅಂತ ನಿಮಗೇ ಗೊತ್ತು. ಹಾಗಾಗಿ ಹಳೆಯ 1650 ಮಾರಬೇಡಿ. ಅದಕ್ಕೆ ಸಿಗುವ ದುಡ್ಡು ಹೆಚ್ಚೇನಿಲ್ಲ, ಸ್ಟುಡಿಯೋ ಕಪಾಟಿನಲ್ಲಿ ಬಿದ್ದಿರಲಿ. ಮತ್ತೆ ಹೊಸ ಕಾರ್ಡ್ ತಂದ ವಾರದಲ್ಲೇ, ಬದಲಿಸಿಕೊಡುವ ಅವಧಿ ಮುಗಿಯುವ ಮೊದಲು, ಸೋನಿಯ ಅದೇ ಕ್ಲಿಪ್‌ಗಳನ್ನು ಟೈಮ್‌ಲೈನ್‌ಗೆ ಎಳೆದು ‘ವಿಡಿಯೋ ಡಿಕೋಡ್’ ಗೆರೆ ಮೇಲೇಳುತ್ತದೋ ಇಲ್ಲವೋ ನೋಡಿ.